ಬೇಟನ್ ಸ್ಕೋರ್ 9ಕ್ಕೆ 5 ಬಂತು: ಇದು ಇಡಿಎಸ್ ಕಾಯಿಲೆಯೇ?

ಪ್ರಶ್ನೆ: ನನಗೆ 34 ವರ್ಷ. ಬನಶಂಕರಿಯಲ್ಲಿ ವಾಸ, ಐಟಿ ಕೆಲಸ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತಿದ್ದೆ. ಎರಡು ವರ್ಷದಿಂದ ಮಣಿಕಟ್ಟು, ಮಂಡಿ, ಸೊಂಟ ದಿನವೂ ನೋಯುತ್ತವೆ. ಬಲಗಾಲಿನ ಪಾದ ಆಗಾಗ ಉಳುಕುತ್ತದೆ. ಬಲಭುಜ ಎರಡು ಸಲ ತಾನಾಗಿ ಜಾರಿ ತಾನಾಗಿಯೇ ಕೂತಿದೆ. ಫಿಸಿಯೋಥೆರಪಿಸ್ಟ್ ಒಬ್ಬರು ನೋಡಿ, ಬೇಟನ್ ಸ್ಕೋರ್ (ಕೀಲು ಎಷ್ಟು ಬಾಗುತ್ತವೆ ಎಂಬ ಅಳತೆ) 9ಕ್ಕೆ 5 ಇದೆ, ಇದು ಏಲರ್ಸ್-ಡಾನ್ಲೋಸ್ ಸಿಂಡ್ರೋಮ್ (ಇಡಿಎಸ್), ಅಂದರೆ ಕೀಲು, ಚರ್ಮಗಳನ್ನು ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರುವ ಕಾಯಿಲೆ, ಜೀನ್ ಪರೀಕ್ಷೆ ಮಾಡಿಸಿ ಅಂದರು. 9 ವರ್ಷದ ಮಗಳಿಗೆ 6 ಬಂತು. ಅವಳಿಗೆ ನೋವು ಇಲ್ಲ, ಅವಳೂ ಈಗ ಭರತನಾಟ್ಯ ಕಲಿಯುತ್ತಿದ್ದಾಳೆ. ನಾವಿಬ್ಬರೂ ಪರೀಕ್ಷೆ ಮಾಡಿಸಬೇಕೆ? ಅಂದ ಹಾಗೆ, ನನ್ನ ಅಮ್ಮ ಅಪ್ಪನ ಸ್ವಂತ ಸೋದರಮಾವನ ಮಗಳು. ದೊಡ್ಡಪ್ಪ 41ನೇ ವಯಸ್ಸಿನಲ್ಲಿ ಎದೆನೋವು ಬಂದು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು.

ಉತ್ತರ: ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದದ್ದು ಆ 5 ಅಲ್ಲ. "ಅಂದ ಹಾಗೆ" ಎಂದು ಕೊನೆಗೆ ಸೇರಿಸಿದ್ದೀರಲ್ಲ, ಆ ಎರಡು ವಾಕ್ಯಗಳು. ಕೀಲು ಸಡಿಲ ಇರುವವರನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದದ್ದು ಪ್ರಾಣಕ್ಕೆ ಕುತ್ತು ತರುವ ಕಾಯಿಲೆ ಏನಾದರೂ ಹಿಂದೆ ಅಡಗಿದೆಯೇ ಎಂದು. ನೋವಿಗೆ ಹೆಸರು ಕೊಡುವುದು ಆಮೇಲಿನ ಕೆಲಸ. ಬಹಳ ಕಡೆ ಇದು ತಲೆಕೆಳಗಾಗಿ ನಡೆಯುತ್ತಿದೆ: ಸ್ಕೋರ್ ನೋಡುತ್ತಾರೆ, ಹೆಸರು ಹೇಳುತ್ತಾರೆ, ಮನೆಯವರ ಬಗ್ಗೆ ಕೇಳುವುದೇ ಇಲ್ಲ.

ಆದರೂ ನೀವು ಕೇಳಿದ್ದು ಸ್ಕೋರ್ ಬಗ್ಗೆ, ಅಲ್ಲಿಂದಲೇ ಶುರು ಮಾಡೋಣ.

ಬೇಟನ್ ಮತ್ತು ಸಂಗಡಿಗರು 1973ರಲ್ಲಿ ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ ಜನರಲ್ಲಿ ಕೀಲುಗಳು ಎಷ್ಟು ಬಾಗುತ್ತವೆ ಎಂದು ಸಮೀಕ್ಷೆ ಮಾಡಲು ಬಳಸಿದ ಅಳತೆ ಇದು. ಸಾವಿರ ಜನರನ್ನು ಬೇಗ ನೋಡಿ ಮುಗಿಸಲು ಅನುಕೂಲ. ಒಬ್ಬರ ಕಾಯಿಲೆ ಹೇಳಲಿಕ್ಕೆ ಮಾಡಿದ್ದಲ್ಲ. ಭುಜ, ಸೊಂಟದ ಕೀಲು, ಪಾದದ ಗೆಣ್ಣು, ದವಡೆ, ಕುತ್ತಿಗೆ ಇದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಿಮಗೆ ತೊಂದರೆ ಕೊಡುತ್ತಿರುವ ಭುಜಕ್ಕೂ ಪಾದಕ್ಕೂ ಈ ಅಳತೆಯಲ್ಲಿ ಒಂದು ಅಂಕವೂ ಸಿಗುವುದಿಲ್ಲ. ದಕ್ಷಿಣ ಏಷ್ಯಾದವರಲ್ಲಿ, ಹೆಂಗಸರಲ್ಲಿ, ಮಕ್ಕಳಲ್ಲಿ ಕೀಲುಗಳು ಸಹಜವಾಗಿಯೇ ಹೆಚ್ಚು ಬಾಗುತ್ತವೆ ಎಂಬುದನ್ನೂ ಮರೆಯಬಾರದು.

ಆ 5 ಸರಿಯೇ ಎಂದು ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆ, ವ್ಯಾಯಾಮ ಮಾಡುವ ಮುಂಚೆ, ಮೈ ಬಿಸಿಯಾಗುವ ಮುಂಚೆ ಅಳೆಯಬೇಕು. ಡ್ಯಾನ್ಸ್ ಕ್ಲಾಸ್ ಮುಗಿಸಿ ಬಂದು ಅಳೆದರೆ ಒಂದೆರಡು ಅಂಕ ಹೆಚ್ಚೇ ಬರುತ್ತದೆ. ಫಿಸಿಯೋಥೆರಪಿಯವರು ಬಳಸುವ ಗೋನಿಯೋಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಗಳ ಜಾಮಿಟ್ರಿ ಬಾಕ್ಸ್‌ನ ಕೋನಮಾಪಕ ಮತ್ತು ಫೋನಿನ ಫೋಟೋ ಸಾಕು.

ಮೊದಲು ಕಿರುಬೆರಳು. ಮೊಣಕೈ ಮಡಿಚಿ, ಮುಂಗೈ ಮತ್ತು ಅಂಗೈಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಡಿ. ಉಳಿದ ಬೆರಳು ಮೇಲೇಳಬಾರದು. ಇನ್ನೊಂದು ಕೈಯಿಂದ ಕಿರುಬೆರಳನ್ನು ಮೆಲ್ಲಗೆ ಹಿಂದಕ್ಕೆ ಎತ್ತಿ. ನೆಟ್ಟಗೆ ನಿಂತರೆ 90 ಡಿಗ್ರಿ, ಅದಕ್ಕೆ ಅಂಕ ಇಲ್ಲ. 90 ದಾಟಿ ಹಿಂದಕ್ಕೆ ಹೋದರೆ ಮಾತ್ರ ಒಂದು ಅಂಕ. ಎರಡೂ ಕೈಗೆ ಬೇರೆ ಬೇರೆ.

ಹೆಬ್ಬೆರಳು: ಕೈಯನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ, ಮೊಣಕೈ ನೇರ, ಅಂಗೈ ಕೆಳಮುಖ. ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿ, ಇನ್ನೊಂದು ಕೈಯಿಂದ ಹೆಬ್ಬೆರಳನ್ನು ಮುಂಗೈಯ ಒಳಭಾಗಕ್ಕೆ ತಳ್ಳಿ. ಚರ್ಮಕ್ಕೆ ತಾಗಬೇಕು. ಹತ್ತಿರ ಬಂದರೆ ಸಾಲದು.

ತಪ್ಪು ಹೆಚ್ಚು ಆಗುವುದು ಮೊಣಕೈ ಮತ್ತು ಮಂಡಿಯಲ್ಲಿ. ನೇರಕ್ಕಿಂತ 10 ಡಿಗ್ರಿ ಹಿಂದಕ್ಕೆ ಬಾಗುವುದು ಎಂದರೆ ಕಣ್ಣಿಗೆ ತೀರಾ ಚಿಕ್ಕ ಅಂತರ. ಬರಿಗಣ್ಣಲ್ಲಿ 5 ಡಿಗ್ರಿಯೂ 10ರ ಹಾಗೇ ಕಾಣುತ್ತದೆ. ಭುಜದ ತುದಿಯ ಮೂಳೆ, ಮೊಣಕೈಯ ಹೊರಬದಿಯ ಮೂಳೆ, ಹೆಬ್ಬೆರಳ ಬದಿಯ ಮಣಿಕಟ್ಟಿನ ಮೂಳೆ, ಈ ಮೂರಕ್ಕೂ ಪೆನ್ನಿನಿಂದ ಚುಕ್ಕೆ ಇಡಿ. ಕೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಮೇಲಕ್ಕೆ. ಬೇರೊಬ್ಬರು ಫೋನನ್ನು ಮೊಣಕೈಯ ಮಟ್ಟದಲ್ಲೇ ಹಿಡಿದು ಫೋಟೋ ತೆಗೆಯಲಿ. ಮೇಲಿನಿಂದಲೋ ಓರೆಯಾಗಿಯೋ ತೆಗೆದರೆ ಕೋನವೇ ಬದಲಾಗುತ್ತದೆ. ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ಅಳೆಯಿರಿ. ಮಂಡಿಗೂ ಇದೇ ಕ್ರಮ: ಪಕ್ಕದಿಂದ ಫೋಟೋ, ತೊಡೆಯ ಮೇಲ್ಭಾಗದ ಹೊರಬದಿಯ ಮೂಳೆ, ಮಂಡಿಯ ಹೊರಬದಿ, ಪಾದದ ಹೊರಗೆಣ್ಣು. ಮೀನಖಂಡ ದಪ್ಪ ಇರುವವರ ಕಾಲು ಹಿಂದಕ್ಕೆ ಬಾಗಿದಂತೆ ಕಾಣುತ್ತದೆ, ಅದು ಮೂಳೆಯ ಬಾಗಲ್ಲ.

ಕೊನೆಯದು, ಮಂಡಿ ಮಡಿಸದೆ ಬಗ್ಗಿ ಎರಡೂ ಅಂಗೈಯನ್ನು ಪೂರ್ತಿ ನೆಲಕ್ಕೆ ಊರುವುದು. ಬೆರಳ ತುದಿ ತಾಗಿದರೆ ಅಂಕ ಇಲ್ಲ. ವರ್ಷಗಟ್ಟಲೆ ಡ್ಯಾನ್ಸ್ ಅಥವಾ ಯೋಗ ಮಾಡಿದವರಿಗೆ ಈ ಒಂದು ಅಂಕ ಅಭ್ಯಾಸದಿಂದಲೇ ಬಂದಿರಬಹುದು. ಹಾಗಾಗಿ ನಿಮ್ಮ 5ರಲ್ಲಿ ಇದೂ ಇದೆಯೇ ಎಂಬುದು ತಿಳಿಯಬೇಕಾದ ಸಂಗತಿ. ವರದಿಯಲ್ಲಿ ಬರೀ "5/9" ಎಂದಿದ್ದರೆ ಅದರಿಂದ ಉಪಯೋಗ ಕಡಿಮೆ. ಯಾವ ಐದು ಎಂದು ಬರೆಸಿಕೊಳ್ಳಿ.

2017ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಮೈನೆರೆಯದ ಮಕ್ಕಳಿಗೆ 6 ಅಥವಾ ಹೆಚ್ಚು, ಮೈನೆರೆದ ಮೇಲೆ 50 ವರ್ಷದವರೆಗೆ 5 ಅಥವಾ ಹೆಚ್ಚು, 50 ದಾಟಿದವರಿಗೆ 4 ಅಥವಾ ಹೆಚ್ಚು ಬಂದರೆ ಮೈಯ ಕೀಲುಗಳೆಲ್ಲ ಸಡಿಲ ಎನ್ನಬಹುದು. ನೀವು ಗಡಿಯ ಮೇಲೆ ನಿಂತಿದ್ದೀರಿ. ಮತ್ತೆ ಅಳೆದಾಗ 4 ಬಂದರೆ ಐದು ಪ್ರಶ್ನೆಗಳಿವೆ: ಅಂಗೈಯನ್ನು ನೆಲಕ್ಕೆ ಊರಲು ಈಗ ಅಥವಾ ಹಿಂದೆ ಯಾವಾಗಲಾದರೂ ಆಗುತ್ತಿತ್ತೇ? ಹೆಬ್ಬೆರಳು ಮುಂಗೈಗೆ ತಾಗುತ್ತಿತ್ತೇ? ಚಿಕ್ಕಂದಿನಲ್ಲಿ ಮೈಯನ್ನು ವಿಚಿತ್ರವಾಗಿ ತಿರುಚಿ ಗೆಳತಿಯರಿಗೆ ತೋರಿಸುತ್ತಿದ್ದಿರೇ, ಕಾಲು ಅಗಲಿಸಿ ನೆಲಕ್ಕೆ ಕೂರುತ್ತಿದ್ದಿರೇ? ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ಭುಜವೋ ಮಂಡಿಚಿಪ್ಪೋ ಒಂದಕ್ಕಿಂತ ಹೆಚ್ಚು ಸಲ ಜಾರಿತ್ತೇ? ನಿಮ್ಮ ಕೀಲು ಎಲ್ಲರಿಗಿಂತ ಹೆಚ್ಚು ಬಾಗುತ್ತವೆ ಎಂದು ನಿಮಗೇ ಅನಿಸಿದೆಯೇ? ಎರಡಕ್ಕಾದರೂ ಹೌದು ಎಂದರೆ, ಒಂದು ಅಂಕ ಕಡಿಮೆಯಿದ್ದರೂ ಸಡಿಲ ಕೀಲು ಎಂದೇ ಲೆಕ್ಕ.

ಇಷ್ಟಾದರೂ ಕಾಯಿಲೆಯ ಹೆಸರು ಇನ್ನೂ ಬಂದಿಲ್ಲ, ಗಮನಿಸಿ. "ಕೀಲು ಸಡಿಲ" ಎಂಬುದು ಜ್ವರದ ಹಾಗೆ, ಒಂದು ಲಕ್ಷಣ ಮಾತ್ರ.

ಈಗ ದೊಡ್ಡಪ್ಪನ ವಿಷಯ. ನಮ್ಮ ಜನರಲ್ಲಿ 41ಕ್ಕೆ ಹೃದಯಾಘಾತ ಆಗುವುದು ಅಪರೂಪವಲ್ಲ. ಹೆಚ್ಚಿನ ಸಂಭವ ಅದೇ. ಆದರೆ ಎದೆನೋವು ಬಂದು ಕೂಡಲೇ ಸಾವು ಬರಲು ಇನ್ನೊಂದು ಕಾರಣ ಉಂಟು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಸೀಳುವುದು. ಅದರ ಗೋಡೆ ಹುಟ್ಟಿನಿಂದಲೇ ದುರ್ಬಲವಾಗಿರುವ ಮೂರು ಕಾಯಿಲೆಗಳಲ್ಲಿ ಕೀಲೂ ಸಡಿಲವಾಗಿರಬಹುದು: ಮಾರ್ಫನ್ ಸಿಂಡ್ರೋಮ್, ಲೋಯ್ಸ್-ಡೀಟ್ಸ್ ಸಿಂಡ್ರೋಮ್, ಮತ್ತು ಇಡಿಎಸ್‌ನದೇ ಒಂದು ವಿಧವಾದ ರಕ್ತನಾಳದ ಇಡಿಎಸ್. ಮನೆಯ ಹಿರಿಯರನ್ನು ಕೇಳಿ. ದೊಡ್ಡಪ್ಪ ಉಳಿದವರಿಗಿಂತ ಎತ್ತರ, ತೆಳ್ಳಗೆ, ಉದ್ದ ಕೈಕಾಲಿನವರೇ? ಚಿಕ್ಕಂದಿನಿಂದಲೇ ದಪ್ಪ ಕನ್ನಡಕ ಇತ್ತೇ? ನೋವು ಬೆನ್ನಿಗೂ ಹೊಡೆದಿತ್ತೇ, ಏನೋ ಹರಿದ ಹಾಗೆ ಅಂದಿದ್ದರೇ? ಮರಣೋತ್ತರ ಪರೀಕ್ಷೆ ಆಗಿತ್ತೇ? ಹಳೆಯ ಮದುವೆ ಫೋಟೋ ಸಿಕ್ಕರೆ ಇಟ್ಟುಕೊಳ್ಳಿ. ಜೆನೆಟಿಕ್ಸ್ ವೈದ್ಯರಿಗೆ ಅದು ಸಣ್ಣ ಸಾಕ್ಷ್ಯವಲ್ಲ.

ನಿಮ್ಮ ಮನೆಯ ಸಂಬಂಧ ಹೇಗಿದೆ ನೋಡಿ. ದೊಡ್ಡಪ್ಪನ ತಾಯಿಯೂ ನಿಮ್ಮ ಅಮ್ಮನ ತಂದೆಯೂ ಒಡಹುಟ್ಟಿದವರು. ಈ ಮೂರೂ ಕಾಯಿಲೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ, ಒಬ್ಬರಿಂದಲೇ ದಾಟುವಂಥವು. ಇದ್ದವರ ಪ್ರತಿ ಮಗುವಿಗೂ ನೂರಕ್ಕೆ 50 ಪಾಲು ಸಂಭವ. ದೊಡ್ಡಪ್ಪನಿಗೆ ಅಂಥದ್ದು ತಾಯಿಯ ಕಡೆಯಿಂದ ಬಂದಿದ್ದರೆ, ನಿಮಗೆ ಅಪ್ಪನ ಮೂಲಕ ಮಾತ್ರವಲ್ಲ, ಅಮ್ಮನ ಮೂಲಕವೂ ಬರುವ ದಾರಿ ಇದೆ. ಹಾಗಾಗಿ "ಅದು ಅಪ್ಪನ ಕಡೆ, ಅಪ್ಪ ಗಟ್ಟಿಮುಟ್ಟಾಗಿದ್ದಾರೆ" ಎಂದು ಬಿಡುವ ಹಾಗಿಲ್ಲ. ವಂಶವೃಕ್ಷ ಬರೆಯುವಾಗ ಎರಡೂ ಕಡೆ ಮೂರು ತಲೆಮಾರು ಬರೆಯಿರಿ, ಯಾರ ಮದುವೆ ಸಂಬಂಧದೊಳಗೇ ಆಯಿತು ಎಂದು ಗುರುತು ಮಾಡಿ. ಎಳೆ ವಯಸ್ಸಿನ ಸಾವು, ಹೆರಿಗೆಯಲ್ಲಿ ಗರ್ಭಕೋಶ ಒಡೆದದ್ದು, ಕಾರಣವಿಲ್ಲದೆ ಕರುಳು ತೂತಾದದ್ದು, ಶ್ವಾಸಕೋಶ ಕುಸಿದದ್ದು, ಇವೆಲ್ಲ ಅದರಲ್ಲಿ ಇರಬೇಕು. ಇವು ರಕ್ತನಾಳದ ಇಡಿಎಸ್‌ನ ಗುರುತುಗಳು.

ಮನೆಯಲ್ಲೇ ನೋಡಬಹುದಾದ ಕೆಲವು ಇವೆ. ಗೋಡೆಗೆ ಬೆನ್ನಿಟ್ಟು ಎರಡೂ ಕೈ ಚಾಚಿ, ನಡುಬೆರಳ ತುದಿಯಿಂದ ತುದಿಗೆ ಅಳೆದು, ಎತ್ತರದಿಂದ ಭಾಗಿಸಿ. 1.05 ಅಥವಾ ಹೆಚ್ಚು ಬಂದರೆ ಗಮನಿಸಬೇಕು. 160 ಸೆಂಟಿಮೀಟರ್ ಎತ್ತರದವರಿಗೆ ಅದು 168. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿದಾಗ ಉಗುರಿನ ಗೆಣ್ಣು ಪೂರ್ತಿ ಕಿರುಬೆರಳ ಬದಿಯಿಂದ ಹೊರಬರುತ್ತದೆಯೇ? ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಮಣಿಕಟ್ಟನ್ನು ಬಳೆಯಂತೆ ಸುತ್ತಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚುತ್ತದೆಯೇ? ಎರಡೂ ಕೈಯಲ್ಲಿ ಹೌದಾದರೆ ಬರೆದಿಡಿ. ಬಾಯಿ ತೆರೆದು ಟಾರ್ಚ್ ಹಾಕಿ ನೋಡಿ: ಅಂಗುಳ ಎತ್ತರವಾಗಿ ಕಿರಿದಾಗಿದೆಯೇ, ಕಿರುನಾಲಗೆ ಎರಡಾಗಿ ಸೀಳಿದೆಯೇ? ಸೀಳಿದ್ದರೆ ಲೋಯ್ಸ್-ಡೀಟ್ಸ್ ನೆನಪಾಗಬೇಕು. ಎದೆ ಮತ್ತು ಹೊಟ್ಟೆಯ ಚರ್ಮ ತೆಳುವಾಗಿ ಕೆಳಗಿನ ರಕ್ತನಾಳ ಜಾಲದಂತೆ ಕಾಣುತ್ತದೆಯೇ? ನಮ್ಮ ಮೈಬಣ್ಣದಲ್ಲಿ ಇದು ಸುಲಭಕ್ಕೆ ಕಾಣಿಸದು, ಹಗಲು ಬೆಳಕಿನಲ್ಲೇ ನೋಡಬೇಕು. ಒಂದು ಎಚ್ಚರ: ರಕ್ತನಾಳದ ಇಡಿಎಸ್‌ನಲ್ಲಿ ಸಾಮಾನ್ಯವಾಗಿ ಕೈಬೆರಳಿನಂಥ ಸಣ್ಣ ಕೀಲುಗಳು ಮಾತ್ರ ಸಡಿಲ. ಬೇಟನ್ ಸ್ಕೋರ್ 2 ಅಥವಾ 3 ಇದ್ದವರಲ್ಲೂ ಈ ಕಾಯಿಲೆ ಇರಬಹುದು. ಅತ್ಯಂತ ಅಪಾಯದ ಕಾಯಿಲೆಯನ್ನೇ ಈ ಸ್ಕೋರ್ ತಪ್ಪಿಸುತ್ತದೆ.

ಇವು ಏನೇ ಹೇಳಲಿ, ನಿಮಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ. ಜಯದೇವ ಸಂಸ್ಥೆಯಲ್ಲೂ ಆಗುತ್ತದೆ, ನಿಮ್ಮ ಬಡಾವಣೆಯ ಹೃದ್ರೋಗ ತಜ್ಞರಲ್ಲೂ ಆಗುತ್ತದೆ. ಹೇಳಿ ಮಾಡಿಸಬೇಕಾದ ಮಾತು ಒಂದೇ: ಮಹಾಪಧಮನಿಯ ಬುಡದ ಅಗಲವನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ, ಎತ್ತರ ತೂಕಕ್ಕೆ ಹೊಂದಿಸಿ ಜೆಡ್-ಸ್ಕೋರ್ ಹಾಕಿ, ಹೃದಯದ ಮೈಟ್ರಲ್ ಕವಾಟ ಜೋಲುತ್ತಿದೆಯೇ ಎಂದೂ ನೋಡಿ. ಕೇಳದಿದ್ದರೆ "ನಾರ್ಮಲ್ ಸ್ಟಡಿ" ಎಂಬ ಒಂದು ಸಾಲು ಕೊಟ್ಟು ಕಳಿಸುತ್ತಾರೆ. ಚಿಕ್ಕ ಮೈಕಟ್ಟಿನ ಹೆಂಗಸಿಗೆ 36 ಮಿಲಿಮೀಟರ್ ದೊಡ್ಡದೇ, ಆರಡಿಯ ಗಂಡಸಿಗೆ ಅಲ್ಲ. ಜೆಡ್-ಸ್ಕೋರ್ ಬೇಕಾಗುವುದು ಅದಕ್ಕೇ. 2 ಅಥವಾ ಅದಕ್ಕಿಂತ ಹೆಚ್ಚಾದರೆ ಹಿಗ್ಗಿದೆ ಎಂದರ್ಥ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಸ್ಲಿಟ್ ಲ್ಯಾಂಪಿನಲ್ಲಿ ಮಸೂರ ಜಾರಿದೆಯೇ ಎಂದೂ ನೋಡಿಸಿ, ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಆಗಬಹುದು. ಮಾರ್ಫನ್‌ಗೆ 2010ರಲ್ಲಿ ಪರಿಷ್ಕರಿಸಿದ ಗೆಂಟ್ ಮಾನದಂಡದ ಎರಡು ಕಂಬಗಳು ಇವೇ, ಮಹಾಪಧಮನಿ ಮತ್ತು ಮಸೂರ.

ಇದು ಮುಗಿದ ಮೇಲೆ ಇಡಿಎಸ್ ವಿಂಗಡಣೆಗೆ ಬರಬಹುದು. ಡೆನ್ಮಾರ್ಕ್‌ನ ಏಲರ್ಸ್ 1901ರಲ್ಲಿ, ಫ್ರಾನ್ಸ್‌ನ ಡಾನ್ಲೋಸ್ 1908ರಲ್ಲಿ ವರ್ಣಿಸಿದ ರೋಗಿಗಳಿಂದ ಈ ಹೆಸರು ಬಂತು. 1980ರ ದಶಕದಲ್ಲಿ ರೋಮನ್ ಅಂಕಿಯ ಟೈಪ್‌ಗಳು, 1997ರ ವಿಲ್‌ಫ್ರಾಂಶ್ ಸಭೆಯಲ್ಲಿ ಆರು ವಿಧ, 2017ರಲ್ಲಿ ಹದಿಮೂರು ವಿಧ; ಆಮೇಲೆ ಎಇಬಿಪಿ1 ಜೀನಿನ ಇನ್ನೊಂದೂ ಸೇರಿತು. ಹಳೆಯ ವರದಿಗಳಲ್ಲಿ ಟೈಪ್ 3 ಎಂದಿದ್ದರೆ ಅದು ಇಂದಿನ ಹೈಪರ್‌ಮೊಬೈಲ್ ವಿಧ, ಟೈಪ್ 4 ಎಂದರೆ ರಕ್ತನಾಳದ ವಿಧ. ಎರಡಕ್ಕೂ ಅಜಗಜಾಂತರ. ಸಡಿಲ ಕೀಲಿನ ಕಾಯಿಲೆ ಗುರುತಿಸಲು 1998ರ ಬ್ರೈಟನ್ ಮಾನದಂಡವೆಂಬುದೂ ಒಂದಿತ್ತು. ಹೆಸರು ಬೇಟನ್‌ನಂತೆ ಕೇಳಿಸುತ್ತದೆ, ಆದರೆ ಬೇರೆಯೇ. ಇಂದಿಗೂ ಕೆಲವರು ಎರಡನ್ನೂ ಕಲಸಿ ವರದಿ ಬರೆಯುತ್ತಾರೆ.

ಹದಿಮೂರರಲ್ಲಿ ಹೆಚ್ಚಿನವು ತೀರಾ ಅಪರೂಪ, ಎಳವೆಯಲ್ಲೇ ಗೊತ್ತಾಗುವಂಥವು. ನಿಮ್ಮಂಥವರಲ್ಲಿ ನಿಜವಾಗಿ ಬೇರ್ಪಡಿಸಬೇಕಾದವು ಮೂರೇ: ಕ್ಲಾಸಿಕಲ್, ಕ್ಲಾಸಿಕಲ್ ತರಹದ್ದು, ಹೈಪರ್‌ಮೊಬೈಲ್. ಇಲ್ಲಿ ಚರ್ಮವೇ ಮಾತಾಡುತ್ತದೆ. ನೀವು ಬಳಸದ ಕೈಯ ಮುಂಗೈ ಒಳಭಾಗದ ನಡುವೆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಬಿಗಿ ತಗುಲುವವರೆಗೆ ಎತ್ತಿ. 1.5 ಸೆಂಟಿಮೀಟರ್‌ಗಿಂತ ಹೆಚ್ಚು ಎದ್ದರೆ ಚರ್ಮ ಹಿಗ್ಗುತ್ತದೆ ಎಂದರ್ಥ. ಕುತ್ತಿಗೆ, ಮೊಣಕೈ, ಮಂಡಿಯಲ್ಲಾದರೆ 3 ಸೆಂಟಿಮೀಟರ್. ನಂತರ ಮಂಡಿ, ಮೊಳಕಾಲು, ಹಣೆಯ ಹಳೆಯ ಗಾಯದ ಕಲೆಗಳನ್ನು ನೋಡಿ. ಗಾಯ ಚಿಕ್ಕದಿದ್ದರೂ ಕಲೆ ಅಗಲವಾಗಿ ಹರಡಿ, ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಸುಕ್ಕಾಗಿದ್ದರೆ, ಹೊಲಿಗೆ ಹಾಕಿದ್ದು ಬಿಟ್ಟುಕೊಂಡಿದ್ದರೆ ಅದು ಕ್ಲಾಸಿಕಲ್ ಕಡೆಗೆ ಬೆರಳು ಮಾಡುತ್ತದೆ. ಅದರ ಜೀನುಗಳು ಸಿಒಎಲ್5ಎ1 ಮತ್ತು ಸಿಒಎಲ್5ಎ2, ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುತ್ತವೆ.

ಕ್ಲಾಸಿಕಲ್ ತರಹದ ವಿಧವನ್ನು ನಿಮ್ಮ ವಿಷಯದಲ್ಲಿ ಒತ್ತಿ ಹೇಳುತ್ತೇನೆ. ಚರ್ಮ ಮಕಮಲ್ಲಿನಂತೆ ಮೆತ್ತಗೆ, ಎಳೆದರೆ ಹಿಗ್ಗುತ್ತದೆ, ಸುಮ್ಮನೆ ತಾಗಿದರೂ ನೀಲಿಗಟ್ಟುತ್ತದೆ, ಆದರೆ ಕಲೆ ಮಾತ್ರ ಸಾಮಾನ್ಯವಾಗಿಯೇ ಇರುತ್ತದೆ. ಹೈಪರ್‌ಮೊಬೈಲ್ ವಿಧ ಎಂದು ತಪ್ಪು ತಿಳಿಯುವುದು ತುಂಬಾ ಸುಲಭ. ಇದು ತಂದೆ-ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರಷ್ಟೇ ಬರುವ ಕಾಯಿಲೆ, ಅಂದರೆ ಸೋದರ ಸಂಬಂಧದ ಮದುವೆಯಲ್ಲಿ ಹುಟ್ಟಿದವರಲ್ಲಿ ಸಂಭವ ಹೆಚ್ಚು. ದೋಷ ಇರುವುದು ಟಿಎನ್‌ಎಕ್ಸ್‌ಬಿ ಜೀನಿನಲ್ಲಿ. ಈ ಜೀನಿನ ಪಕ್ಕದಲ್ಲೇ ಅದರ ನಕಲಿನಂಥ ಇನ್ನೊಂದು ತುಂಡಿದೆ, ಕೆಲಸ ಮಾಡದ ಜೀನು. ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಸಾಮಾನ್ಯ ಪ್ಯಾನಲ್ ಪರೀಕ್ಷೆಯಲ್ಲಿ, ಓದಿದ ತುಂಡು ಎರಡರಲ್ಲಿ ಯಾವುದರದ್ದು ಎಂದು ಗೊಂದಲವಾಗಿ ದೋಷ ತಪ್ಪಿಹೋಗಬಹುದು. ಲ್ಯಾಬಿಗೆ ಹಣ ಕಟ್ಟುವ ಮುಂಚೆ ಕೇಳಿ: ಟಿಎನ್‌ಎಕ್ಸ್‌ಬಿಯ ಆ ಭಾಗವನ್ನು ಪ್ರತ್ಯೇಕವಾಗಿ ನೋಡುತ್ತೀರಾ? ಉತ್ತರ ತಡವರಿಸಿದರೆ "ನೆಗೆಟಿವ್" ಎಂಬ ವರದಿಯನ್ನು ಈ ವಿಧದ ಮಟ್ಟಿಗೆ ನಂಬಬೇಡಿ.

ಇನ್ನು ಹೈಪರ್‌ಮೊಬೈಲ್ ಇಡಿಎಸ್, ನಿಮಗೆ ಹೇಳಿದ್ದು ಬಹುಶಃ ಇದನ್ನೇ. ಇದಕ್ಕೆ ಜೀನ್ ಇನ್ನೂ ಸಿಕ್ಕಿಲ್ಲ. ಆದ್ದರಿಂದ ಯಾವ ಜೀನ್ ಪರೀಕ್ಷೆಯೂ ಇದನ್ನು ಹೌದು ಎನ್ನಲಾರದು, ಅಲ್ಲ ಎನ್ನಲೂ ಆರದು. ಲಕ್ಷಣ ನೋಡಿಯೇ ಹೇಳಬೇಕು, ಅದೂ ಮೂರು ಷರತ್ತು ಒಟ್ಟಿಗೆ ಕೂಡಿದರೆ ಮಾತ್ರ. ಒಂದನೆಯದು ಸಡಿಲ ಕೀಲು. ಮೂರನೆಯದು, ಚರ್ಮ ಅತಿಯಾಗಿ ಹರಿಯುವಂಥದ್ದಾಗಿರಬಾರದು ಮತ್ತು ಬೇರೆ ಕಾಯಿಲೆಗಳನ್ನೆಲ್ಲ ತಳ್ಳಿಹಾಕಿರಬೇಕು. ಕಸರತ್ತು ಇರುವುದು ಎರಡನೆಯದರಲ್ಲಿ. ಅದರಲ್ಲಿ ಮೂರು ಭಾಗ, ಎರಡಾದರೂ ಸಿಗಬೇಕು.

ಮೊದಲ ಭಾಗ ಹನ್ನೆರಡು ದೈಹಿಕ ಗುರುತುಗಳು, ಐದಾದರೂ ಬೇಕು: ಮಕಮಲ್ಲಿನಂಥ ಚರ್ಮ, ಸ್ವಲ್ಪ ಹಿಗ್ಗುವ ಚರ್ಮ, ಕಾರಣವಿಲ್ಲದ ಚರ್ಮದ ಗೆರೆ, ನಿಂತಾಗ ಎರಡೂ ಹಿಮ್ಮಡಿಯ ಬದಿಯಲ್ಲಿ ಉಬ್ಬುವ ಕೊಬ್ಬಿನ ಗುಳ್ಳೆ, ಮರುಕಳಿಸುವ ಅಥವಾ ಹಲವು ಹರ್ನಿಯಾ, ಎರಡು ಕಡೆಯಾದರೂ ತೆಳುಗಾಯದ ಕಲೆ, ಗರ್ಭಕೋಶ ಅಥವಾ ಗುದ ಜಾರುವುದು, ಎತ್ತರದ ಅಂಗುಳದ ಜೊತೆ ಒತ್ತೊತ್ತಾದ ಹಲ್ಲು, ಮೇಲೆ ಹೇಳಿದ ಉದ್ದ ಬೆರಳು, 1.05ರ ತೋಳಿನ ಅಳತೆ, ಮೈಟ್ರಲ್ ಕವಾಟ ಜೋಲುವುದು, ಮಹಾಪಧಮನಿ ಹಿಗ್ಗುವುದು. ನೀವು ಹೆತ್ತವರು. ಬಸಿರಿನಲ್ಲಿ ಬಂದ ಹೊಟ್ಟೆಯ ಗೆರೆ ಇಲ್ಲಿ ಲೆಕ್ಕಕ್ಕಿಲ್ಲ; ಹೆರಿಗೆಯಾದ ಮೇಲೆ ಗರ್ಭಕೋಶ ಜಾರಿದ್ದರೆ ಅದೂ ಲೆಕ್ಕಕ್ಕಿಲ್ಲ. ಇಲ್ಲೇ ಬಹಳ ಜನ ತಪ್ಪಾಗಿ ಅಂಕ ಕೂಡಿಸುತ್ತಾರೆ.

ಎರಡನೆಯ ಭಾಗ, ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗಾದರೂ ಇದೇ ಮಾನದಂಡ ಪೂರ್ತಿ ಕೂಡಿರಬೇಕು. ಮಗಳ ಕೈ ಬಾಗುತ್ತದೆ ಎಂಬುದು ಇಲ್ಲಿ ಸಾಲದು. ಮೂರನೆಯ ಭಾಗ ನೋವು ಮತ್ತು ಅಸ್ಥಿರತೆ: ಎರಡು ಅಥವಾ ಹೆಚ್ಚು ಕೈಕಾಲುಗಳಲ್ಲಿ ಮೂರು ತಿಂಗಳಾದರೂ ದಿನವೂ ಬರುವ ನೋವು, ಇಲ್ಲವೇ ಮೂರು ತಿಂಗಳಿಗೂ ಹೆಚ್ಚು ಮೈತುಂಬ ನೋವು, ಇಲ್ಲವೇ ಪೆಟ್ಟಿಲ್ಲದೆ ಒಂದೇ ಕೀಲು ಮೂರು ಸಲ ಅಥವಾ ಬೇರೆ ಬೇರೆ ಎರಡು ಕೀಲು ಬೇರೆ ಬೇರೆ ಸಮಯದಲ್ಲಿ ತಪ್ಪಿರುವುದು. ನಿಮ್ಮ ಭುಜ ಎರಡೇ ಸಲ ಜಾರಿರುವುದರಿಂದ ಅದು ಸಾಲದು, ಆದರೆ ಎರಡು ವರ್ಷದ ದಿನನಿತ್ಯದ ನೋವಿನಿಂದ ಈ ಭಾಗ ನಿಮಗೆ ಸಿಗುತ್ತದೆ. ಹಾಗಾದರೆ ಎಲ್ಲವೂ ಆ ಹನ್ನೆರಡು ಗುರುತಿನ ಮೇಲೆ ನಿಂತಿದೆ. ಐದು ಸಿಕ್ಕರೆ ಹೈಪರ್‌ಮೊಬೈಲ್ ಇಡಿಎಸ್. ಸಿಗದಿದ್ದರೆ ಹೈಪರ್‌ಮೊಬಿಲಿಟಿ ಸ್ಪೆಕ್ಟ್ರಮ್ ಡಿಸಾರ್ಡರ್, ಅಂದರೆ ಇಡಿಎಸ್ ಮಾನದಂಡ ಪೂರ್ತಿ ಕೂಡದ, ಆದರೆ ತೊಂದರೆ ಕೊಡುವ ಸಡಿಲ ಕೀಲು; ಅದರಲ್ಲೂ ಮೈಯ ಕೀಲುಗಳೆಲ್ಲ ಸಡಿಲವಿರುವ ವಿಧ. ನೀವು ಬರೆದದ್ದರಿಂದ ಅಂದಾಜಿಸುವುದಾದರೆ ಎರಡನೆಯದೇ ಹೆಚ್ಚು ಹೊಂದುತ್ತದೆ.

ಈ ಎರಡನೆಯ ಹೆಸರನ್ನು ಕೇಳಿ "ಹಾಗಾದರೆ ಏನೂ ಇಲ್ಲ ಬಿಡಿ" ಎನ್ನುವವರು ಇದ್ದಾರೆ. ಅದು ಅನ್ಯಾಯ. ಎರಡರಲ್ಲೂ ನೋವು ಒಂದೇ, ಚಿಕಿತ್ಸೆಯೂ ಒಂದೇ. ಹೆಸರಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಡಿ. ನಿಂತಾಗ ತಲೆ ಸುತ್ತಿ ಎದೆ ಬಡಿದುಕೊಳ್ಳುತ್ತದೆಯೇ? ಐದು ನಿಮಿಷ ಮಲಗಿ ನಾಡಿ ಎಣಿಸಿ, ಎದ್ದು ನಿಂತು ಹತ್ತು ನಿಮಿಷದೊಳಗೆ ಮತ್ತೆ ಎಣಿಸಿ. ಬಿಪಿ ಬೀಳದೆ ನಾಡಿ ಮಾತ್ರ 30ಕ್ಕೂ ಹೆಚ್ಚು ಏರಿ ನಿಂತರೆ ವೈದ್ಯರಿಗೆ ಹೇಳಿ. ಸಡಿಲ ಕೀಲಿನವರಲ್ಲಿ ಇದು ಆಗಾಗ ಕಾಣುತ್ತದೆ, ಚಿಕಿತ್ಸೆಯೂ ಇದೆ, ಆದರೆ ರೋಗನಿರ್ಣಯದ ಅಂಕದಲ್ಲಿ ಇದು ಸೇರುವುದಿಲ್ಲ.

ಬೇರೆ ಕಾಯಿಲೆ ತಳ್ಳಿಹಾಕಬೇಕು ಎಂದೆನಲ್ಲ, ಅದಕ್ಕೆ ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಬೇಕು. ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿತ, ಬೆರಳ ಗೆಣ್ಣುಗಳಲ್ಲಿ ಊತ ಇದ್ದರೆ ಅದು ಸಂಧಿವಾತದ ಕಡೆಯ ಮಾತು. ರಕ್ತದಲ್ಲಿ ಹಿಮೋಗ್ಲೋಬಿನ್, ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್, ವಿಟಮಿನ್ ಡಿ, ಬಿ12, ಸಿಪಿಕೆ ನೋಡಿಸಿ. ಊತ ಇದ್ದರೆ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ. ದಿನವಿಡೀ ಎಸಿ ಕಟ್ಟಡದೊಳಗೆ ಕೂತವರಲ್ಲಿ ವಿಟಮಿನ್ ಡಿ ತೀರಾ ಇಳಿದಾಗ ಮೂಳೆನೋವೂ ತೊಡೆಯ ನಿಶ್ಶಕ್ತಿಯೂ ಬರುತ್ತವೆ, ಅದನ್ನು ಮೊದಲು ಸರಿಪಡಿಸಬೇಕು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಏಳಿ. ತೊಡೆಯ ಮೇಲೆ ಕೈಯೂರಿ ಮೈಯನ್ನು ಮೇಲೆ ತಳ್ಳಬೇಕಾಗುತ್ತಿದ್ದರೆ, ಅಥವಾ ಉಳಿದ ಕೀಲು ಸಡಿಲವಿದ್ದು ಕೈಬೆರಳು ಮಾತ್ರ ನೇರವಾಗದೆ ಬಿಗಿದುಕೊಂಡಿದ್ದರೆ, ಅದು ಸ್ನಾಯುವಿನ ಕಾಯಿಲೆ ಇರಬಹುದು. ನಿಮ್ಹಾನ್ಸ್‌ನ ನರ-ಸ್ನಾಯು ವಿಭಾಗದಲ್ಲಿ ತೋರಿಸಬೇಕು.

ಜೀನ್ ಪರೀಕ್ಷೆ ಯಾವಾಗ ಎಂದರೆ: ಎಕೋ, ಕಣ್ಣು, ಚರ್ಮ, ವಂಶವೃಕ್ಷ, ಇವುಗಳಲ್ಲಿ ಒಂದಾದರೂ ಸಂಶಯ ಹುಟ್ಟಿಸಿದರೆ. ದೊಡ್ಡಪ್ಪನ ಸಾವಿನ ಬಗ್ಗೆ ಸಿಗುವ ವಿವರ ಮಹಾಪಧಮನಿಯ ಕಡೆ ತೋರಿಸಿದರಂತೂ ಎಕೋ ಸರಿಯಿದ್ದರೂ ಮಾಡಿಸುವುದು ನ್ಯಾಯ. ಮಾಡಿಸುವ ಮುಂಚೆ ಜೆನೆಟಿಕ್ಸ್ ವೈದ್ಯರೊಡನೆ ಕೂತು ಮಾತಾಡಿ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಕೌನ್ಸೆಲಿಂಗ್ ಸಿಗುತ್ತದೆ. ವರದಿಯಲ್ಲಿ "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಎಂದು ಬರಬಹುದು. ಅದು ಕಾಯಿಲೆ ಅಲ್ಲ. ಅದನ್ನು ನೆಚ್ಚಿ ಆಪರೇಷನ್ನನ್ನೋ ಮದುವೆಯನ್ನೋ ನಿರ್ಧರಿಸಬಾರದು. ಅಪ್ಪ-ಅಮ್ಮನ ರಕ್ತವನ್ನೂ ಪರೀಕ್ಷಿಸಿದರೆ ಅದರ ಅರ್ಥ ಎಷ್ಟೋ ಸಲ ತಿಳಿಯಾಗುತ್ತದೆ.

ಇದೆಲ್ಲ ಇತ್ಯರ್ಥವಾಗುವವರೆಗೆ ಎರಡು ಎಚ್ಚರ. ಕುತ್ತಿಗೆಯ ನೆಟಿಗೆ ತೆಗೆಸಬೇಡಿ, ಮಸಾಜಿನವರು ಕೇಳಿದರೂ ಬೇಡ, ಕಟ್ಟು ಹಾಕುವವರಿಂದ ಭುಜ ಎಳೆಸಬೇಡಿ. ಭೇದಿಗೋ ಮೂತ್ರದ ಉರಿಗೋ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ನುಂಗಬೇಡಿ. ಈ ಗುಂಪಿನ ಮಾತ್ರೆಗಳು ಸ್ನಾಯುರಜ್ಜುವಿಗೆ (ಟೆಂಡನ್) ಕೆಡುಕು, ಮಹಾಪಧಮನಿ ದುರ್ಬಲವಿದ್ದವರಿಗೆ ಅದು ಸೀಳುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಎಕೋ ಸರಿಯಿದ್ದರೆ ವ್ಯಾಯಾಮ ಇಂದೇ ಶುರುವಾಗಲಿ. ಬಾಗಿಸಿ ಎಳೆಯುವುದು ನಿಮಗೆ ಬೇಕಿಲ್ಲ, ಅದು ನಿಮ್ಮಲ್ಲಿ ಮೊದಲೇ ಹೆಚ್ಚಿದೆ. ಹಿಡಿದು ನಿಲ್ಲಿಸುವ ಶಕ್ತಿ ಬೇಕು. ಭುಜಕ್ಕೆ: ಗೋಡೆಗೆ ಮುಷ್ಟಿ ಒತ್ತಿ, ಕೀಲು ಅಲುಗದಂತೆ ಹತ್ತು ಸೆಕೆಂಡು, ಹತ್ತು ಸಲ. ಪಾದಕ್ಕೆ: ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ಮೂವತ್ತು ಸೆಕೆಂಡು, ಆಮೇಲೆ ಕಟ್ಟೆ ಬಿಟ್ಟು. ನಿಲ್ಲುವಾಗ ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡದೆ ಕೂದಲೆಳೆಯಷ್ಟು ಸಡಿಲ ಬಿಡಿ. ಮಾಡಿದ ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಫಲ ಕಾಣಲು ಮೂರು ತಿಂಗಳಾದರೂ ಬೇಕು.

ಮಗಳ ವಿಷಯ ಸರ್ರನೆ ಹೇಳಿಬಿಡಬಹುದು. ಒಂಬತ್ತು ವರ್ಷಕ್ಕೆ 6, ನೋವಿಲ್ಲ, ಅಂದರೆ ಅವಳಿಗೆ ಕಾಯಿಲೆ ಇಲ್ಲ, ಬಾಗುವ ಕೀಲು ಇದೆ ಅಷ್ಟೆ. ವಯಸ್ಸಾದಂತೆ ಅದು ಕಡಿಮೆಯಾಗಲೂಬಹುದು. 2023ರ ಮಕ್ಕಳ ವರ್ಗೀಕರಣದ ಪ್ರಕಾರ ಮೈ ಪೂರ್ತಿ ಬೆಳೆಯುವವರೆಗೆ ಹೈಪರ್‌ಮೊಬೈಲ್ ಇಡಿಎಸ್ ಎಂಬ ಹೆಸರನ್ನು ಯಾವ ಮಗುವಿಗೂ ಅಂಟಿಸುವಂತಿಲ್ಲ. ನಿಮ್ಮಲ್ಲಿ ಅಥವಾ ಅಜ್ಜ-ಅಜ್ಜಿಯಲ್ಲಿ ಏನಾದರೂ ಸಿಕ್ಕರೆ ಮಾತ್ರ ಅವಳಿಗೆ ಎಕೋ, ಸಿಕ್ಕ ಆ ಒಂದು ದೋಷಕ್ಕೆ ಮಾತ್ರ ಜೀನ್ ಪರೀಕ್ಷೆ. ಭರತನಾಟ್ಯ ಬಿಡಿಸಬೇಡಿ. ಆದರೆ ಗುರುಗಳಿಗೆ ಹೇಳಿ: ಅರಮಂಡಿಯಲ್ಲಿ ಮಂಡಿ ಪಾದದ ಬೆರಳುಗಳ ದಿಕ್ಕಿನಲ್ಲೇ ಇರಲಿ, ಒಳಕ್ಕೆ ಬೀಳುತ್ತಿದ್ದರೆ ಎತ್ತರ ಕಡಿಮೆಯಾಗದಿದ್ದರೂ ಸರಿ, ಅಷ್ಟಕ್ಕೇ ನಿಲ್ಲಿಸಿ, ಕಾಲು ಅಗಲಿಸಿ ಕೂರಿಸಿ ಹಿಂದಿನಿಂದ ಒತ್ತಬೇಡಿ. ಮನೆಯಲ್ಲಿ ಎರಡೂ ಪಾದ ಹೊರಕ್ಕೆ ಚಾಚಿ ಮಂಡಿ ಮಡಿಸಿ ಕೂರುವ ಅಭ್ಯಾಸವಿದ್ದರೆ ಮೆಲ್ಲಗೆ ಬಿಡಿಸಿ. ಶಾಲೆಯ ಬ್ಯಾಗ್ ಎರಡೂ ಹೆಗಲ ಮೇಲಿರಲಿ. ರಾತ್ರಿ ನೋವಿಗೆ ಎಚ್ಚರವಾಗತೊಡಗಿದರೆ, ಮಂಡಿಚಿಪ್ಪು ಜಾರಿದರೆ, ಬರೆಯುವಾಗ ಬೆರಳು ಸೋತು ಪೆನ್ಸಿಲ್ ಹಿಡಿತ ತಪ್ಪಿದರೆ, ಆಗ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಅವಳ ಮುಂದೆ ಕೈ ಬಾಗಿಸಿ ಅಂಕ ಎಣಿಸುವುದೂ ಬೇಡ.